ಕೊಯ್ದ ಉಡಿಗಂಟು

ನಮಗೆ ಹೊಲ ಇರಲಿಲ್ಲ. ಸೇಡಂ ಕಡೆಯಿಂದ ಬರುವ ಕಾಗಿಣಾ ಹೊಳೆ ಶಹಾಬಾದ ಮುಟ್ಟುವ ಮೊದಲು ನಮ್ಮೂರ ಮುಂದೆ ಹಾಯುತ್ತದೆ. ಅಲ್ಲಿಯ ಕಡವೇ ನಮ್ಮ ಹೊಲ. ಮಳೆಗಾಲವೆಲ್ಲ ನನ್ನ ಮನೆಯವರು ಜನರನ್ನು ಹರಿಗೋಲಿನಲ್ಲಿ ದಾಟಿಸುತ್ತಿದ್ದರು, ಸುಗ್ಗಿಯಲ್ಲಿ ಊರವರು ಜೋಳ ಅಳೆದು ಕೊಡುತ್ತಿದ್ದರು.

ನಿಜಾಮಶಾಹಿ ಹೋದ ಮಾರನೆಯ ವರ್ಷ, ಮುಂಗಾರಿನ ಮಿರಗದ ಮಳೆ ಇನ್ನೇನು ಕೂಡುವುದರಲ್ಲಿತ್ತು, ನಮ್ಮ ಹರಿಗೋಲಿನ ತೊಗಲು ತಳದಲ್ಲಿ ಹರಿಯಿತು. ಬಿದಿರೂ ಕೊಳೆತಿತ್ತು. ಹೊಸದನ್ನು ಕಟ್ಟಬೇಕೆಂದರೆ ಬಿದಿರು ಚಿಂಚೋಳಿ ಅಡವಿಯಿಂದ ಬರಬೇಕು, ಎಮ್ಮೆಯ ತೊಗಲು ಹದವಾಗಬೇಕು. ಫರಸಿ ಕಲ್ಲಿನ ಖಣಿಯ ಕೂಲಿಗಳು ದಿನಾ ಹೊಳೆ ದಾಟುವವರು. ಈ ಸಲ ನಿಮ್ಮಿಂದ ಆಗದಿದ್ದರೆ ಬೇರೆ ಅಂಬಿಗರನ್ನು ಕರೆಸುತ್ತೇನೆ ಎಂದು ಊರಗೌಡರು ಹೇಳಿಕಳಿಸಿದ್ದರು. ಮನೆಯವರು ಉಣ್ಣಲು ಕುಳಿತರೂ ಮುಗಿಲನ್ನೇ ನೋಡುತ್ತಿದ್ದರು.

ಅಂಥದರಲ್ಲಿ ಒಬ್ಬ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ದಂಡೆಗುಂಟ ಬಂದ. ಆಮೆ ಎದ್ದುನಿಂತು ನಡೆದಂತೆ ಕಾಣುತ್ತಿತ್ತು; ನನಗೆ ನಗು ಬಂತು. ವಾಡಿಯಲ್ಲಿ ರೈಲಿನ ಕೆಲಸ ಸಿಕ್ಕಿದೆ, ಇನ್ನು ಹೊಳೆಯ ಗೊಡವೆ ಬೇಡ, ಅದಕ್ಕೆ ಮಾರುತ್ತಿದ್ದೇನೆ ಎಂದ. ಹೇಳಿದ ಬೆಲೆ ಭಾಳ ಸೋವಿ. ಮನೆಯವರು ಒಳಗೆ ನೀರು ಸುರಿದು ನೋಡಿದರು, ಹನಿ ಸೋರಲಿಲ್ಲ. ಗಂಗವ್ವನೇ ಕಳಿಸಿದಳು ಎಂದು ನಾನು ಹೊಳೆಗೆ ಕೈಮುಗಿದೆ. ಅವರು ರೊಕ್ಕ ತರಲು ಒಳಗೆ ಹೋದರು. ನಾನು ಹರಿಗೋಲನ್ನು ಮನೆತುಂಬಿಸಿಕೊಳ್ಳಲು ಕುಂಕುಮದ ಬಟ್ಟಲು ತಂದೆ.

ನಮ್ಮವರಲ್ಲಿ ಹರಿಗೋಲು ಅಂದರೆ ಮನೆಮಗಳು. ಮೊದಲ ಸಲ ನೀರಿಗಿಳಿಸುವಾಗ ಮನೆಯ ಹೆಂಗಸು ಜೋಳ, ಅರಿಷಿಣದ ಕೊಂಬನ್ನು ಹಸಿರು ಅರಿವೆಯಲ್ಲಿ ಸುತ್ತಿ ಹರಿಗೋಲಿನ ಅಂಚಿಗೆ ಗಂಟು ಹಾಕುತ್ತಾಳೆ. ಅದು ಅದರ ಉಡಿ. ಮಾರುವ ದಿನ ಅವಳೇ ಗಂಟು ಬಿಚ್ಚಿ ತನ್ನ ಸೆರಗಿಗೆ ಹಾಕಿಕೊಂಡು, ಹೋಗವ್ವ ಎಂದು ಕಳಿಸುತ್ತಾಳೆ. ನೀರು ಕುಡಿದ ಗಂಟು ಸುಲಭಕ್ಕೆ ಬಿಚ್ಚುವುದಿಲ್ಲ. ಹಲ್ಲು ಹಚ್ಚಿಯಾದರೂ ಬಿಚ್ಚಬೇಕು, ಕಬ್ಬಿಣ ಮುಟ್ಟಿಸುವಂತಿಲ್ಲ.

ಕುಂಕುಮ ಹಚ್ಚಲು ಅಂಚು ಸವರಿದೆ. ಬೆರಳಿಗೆ ಏನೋ ತಾಗಿತು. ಬಿದಿರಿನ ಸಂದಿಯಲ್ಲಿ ಹಸಿರು ಅರಿವೆಯ ತುಂಡು. ಗಂಟು ಹಾಗೇ ಇತ್ತು, ಅದರಾಚೆಯ ಉಡಿಯನ್ನು ಕುಡುಗೋಲಿನಿಂದ ಕೊಯ್ದಿದ್ದರು. ನಾನು ಬಟ್ಟಲು ಕೆಳಗಿಟ್ಟೆ.

"ತಮ್ಮಾ, ಈಕಿ ಉಡಿ ಯಾರು ಬಿಚ್ಚ್ಯಾರ?"

"ಯಾವ ಉಡಿ, ಯಕ್ಕಾ? ಆ ಹಳೀ ಅರಬಿ ಏನು? ಹೊಲಸಾಗಿತ್ತು, ನಾನೇ ಕೊಯ್ದು ಒಗದೀನಿ."

"ನಿನ್ನ ಹೇಂತಿ ನೋಡ್ಕೋತ ಕುಂತಿದ್ದಳೇನು?"

ಅವಳು ತವರಿಗೆ ಹೋಗಿದ್ದಾಳೆ ಎಂದ.

"ಹಂಗಾದ್ರ ಬರಲಿ. ಆಕಿ ಕೈಲಿಂದ ಕೊಡಸು, ತಗೋತೀವಿ."

ಮನೆಯವರು ರೊಕ್ಕದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಳೆ ತಲೆಯ ಮೇಲೆ ಬಂದಿದೆ, ನೀನು ಚಿಂದಿ ಹಿಡಿದು ಕುಳಿತಿದ್ದೀ ಎಂದು ನನ್ನನ್ನೇ ಬೈದರು. ನಾನು ಅವರ ಕೈ ಹಿಡಿದು ಆ ತುಂಡಿನ ಮೇಲೆ ಇಟ್ಟೆ. ಅವರೂ ಅಂಬಿಗರ ಮಗನೇ. ಬೆರಳಾಡಿಸಿ ನೋಡಿ, ಚೀಲವನ್ನು ನನ್ನ ಕೈಗೆ ಕೊಟ್ಟರು.

"ಒಯ್ಯಪ್ಪ. ಬ್ಯಾರೆಯವರ ಮಗಳು ನಮಗ ಬ್ಯಾಡ."

"ಹಂಗಾದ್ರ ಮಳಿಗಾಲ ಪೂರಾ ಈಸಾಡ್ರಿ," ಎಂದು ಅವನು ಹರಿಗೋಲು ಹೊತ್ತು ಶಹಾಬಾದದ ಕಡೆ ನಡೆದ. ಬೆಲೆ ಇಳಿಸಲಿಲ್ಲ, ಜಗಳವಾಡಲಿಲ್ಲ. ಮನೆಯವರು ಹೋಗಿ ಗೌಡರಿಗೆ ತಿಳಿಸಿದರು. ಗೌಡರು ಕೆಳಗಿನ ಕಡವುಗಳಿಗೆ ಸುದ್ದಿ ಮುಟ್ಟಿಸಿದರು. ಆದರೆ ನಿಮ್ಮಿಂದ ಆಗದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಎಂಬ ಮಾತನ್ನು ಮಾತ್ರ ಬಿಡಲಿಲ್ಲ.

ಹಳೆಯ ಹರಿಗೋಲಿಗೇ ತೇಪೆ ಹಚ್ಚಿದೆವು. ಮಳೆ ಕೂಡಿತು. ಮನೆಯವರು ಹುಟ್ಟು ಹಾಕುವಾಗ ನಾನು ಒಳಗೆ ಕುಳಿತು ಸೋರೆಬುರುಡೆಯಿಂದ ನೀರು ಎತ್ತಿ ಚೆಲ್ಲುತ್ತಿದ್ದೆ. ಹೊಳೆ ಹೊರಗದೋ ಒಳಗದೋ ಎಂದು ಕೂಲಿಯವರು ನಗುತ್ತಿದ್ದರು, ಕಾಲು ಮಾತ್ರ ಮೇಲೆತ್ತಿ ಕೂರುತ್ತಿದ್ದರು. ಒಬ್ಬರೂ ನೀರು ಪಾಲಾಗಲಿಲ್ಲ. ಅದು ಶಿವನ ದಯ.

ಕೆಲವು ದಿನಗಳ ಮೇಲೆ ಸೇಡಂ ಕಡೆಯ ಅಂಬಿಗರ ಗಂಡಹೆಂಡತಿ ಕಳುವಾದ ತಮ್ಮ ಹರಿಗೋಲನ್ನು ದಂಡೆಗುಂಟ ವಿಚಾರಿಸುತ್ತ ಬಂದರು. ಹಸಿರು ಅರಿವೆಯ ಸುದ್ದಿ ಹೇಳುತ್ತಲೇ ಆ ಹೆಣ್ಣುಮಗಳು ನೆಲಕ್ಕೆ ಕುಳಿತು ಅತ್ತಳು. ಅದು ಅವಳ ಸೀರೆಯ ಅಂಚು. ಬಿಸಿ ರೊಟ್ಟಿ ತಿನ್ನಿಸಿ ಕೆಳಕ್ಕೆ ಕಳಿಸಿದೆವು. ಗೌಡರ ಸುದ್ದಿ ಮುಟ್ಟಿದ್ದರಿಂದ ಅಲ್ಲಿ ಯಾವ ಕಡವಿನವರೂ ಕೊಂಡಿರಲಿಲ್ಲ. ಮಾರಲು ಬಂದವನು ಜಾಲಿ ಪೊದೆಯಲ್ಲಿ ಅದನ್ನು ಬಿಟ್ಟು ಓಡಿಹೋಗಿದ್ದನಂತೆ.

ಅವರು ಹರಿಗೋಲು ಹೊತ್ತು ತಿರುಗಿ ಬರುವಷ್ಟರಲ್ಲಿ ಹೊಳೆ ತುಂಬಿ ನಮ್ಮ ತೇಪೆ ಕಿತ್ತುಹೋಗಿತ್ತು. ನಾವೇನೂ ಕೇಳಲಿಲ್ಲ. ಆ ಅಂಬಿಗ ದಂಡೆಯಲ್ಲಿ ನಿಂತಿದ್ದ ಮಂದಿಯನ್ನು ನೋಡಿ ತನ್ನ ಹರಿಗೋಲನ್ನು ತಾನೇ ನೀರಿಗಿಳಿಸಿದ. ನಮ್ಮ ಬಿದಿರು ಬಂದು ಹೊಸದು ಕಟ್ಟುವವರೆಗೆ ಇಬ್ಬರೂ ನಮ್ಮಲ್ಲೇ ಉಳಿದರು. ಅವಳೂ ನಾನೂ ಒಂದೇ ಒಲೆಯಲ್ಲಿ ರೊಟ್ಟಿ ಬಡಿದೆವು. ಗೌಡರು ಬೇರೆಯವರನ್ನು ಕರೆಸಲಿಲ್ಲ. ಸುಗ್ಗಿಯಲ್ಲಿ ಜೋಳ ಬಂತು. ಕೆಲವರು ಹುಳ ಹಿಡಿದದ್ದನ್ನೇ ಅಳೆದರು, ಮೊರದಲ್ಲಿ ಕೇರಿ ತುಂಬಿಟ್ಟುಕೊಂಡೆ.