ಕಡಪ ಕಲ್ಲಿನ ಮೇಲೆ ಒಣಗಿದ ಪಾಠ

ನಾನು ನಿಂತಿದ್ದದ್ದು ಹನುಮಂತರಾಯಪ್ಪನವರ ಮನೆಯ ಪಕ್ಕದ ಓಣಿಯಲ್ಲಿ, ಅಡುಗೆಮನೆಯ ಕಿಟಕಿಗೆ ಒಂದು ಮಾರು ದೂರದಲ್ಲಿ. ಪಾವಗಡದ ಕಡೆ, ತಿರುಮಣಿಯಿಂದ ಸ್ವಲ್ಪ ಒಳಗಿನ ಊರು. ಹತ್ತನೇ ತರಗತಿಯ ಪರೀಕ್ಷೆಗೆ ಮುಂಚಿನ ಓದಿನ ರಜೆ; ಬೆಳಕು ಆಗಷ್ಟೇ ಹರಿದಿತ್ತು. ಅವರ ಮಗಳು ವರಲಕ್ಷ್ಮಿ ಓದುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಕಾಣದವನಂತೆ ಅವಳ ತಂದೆಯ ಮುಂದೆ ನಿಂತೆ. ಅವಳ ಓದು ಅಲ್ಲಿಗೆ ಮುಗಿಯಿತು.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ನಾನು ಅವಳ ವಿಜ್ಞಾನದ ಮೇಷ್ಟ್ರು. ಪರೀಕ್ಷೆ ಹತ್ತಿರ ಬಂದಾಗ ನಮ್ಮ ಕಡೆ ಮೇಷ್ಟ್ರುಗಳು ಬೆಳಗ್ಗೆಯೇ ಊರೂರು ಸುತ್ತುತ್ತೇವೆ, ಮಕ್ಕಳು ಎದ್ದು ಓದುತ್ತಿದ್ದಾರೋ ಇಲ್ಲವೋ ನೋಡಲು. ಎಲ್ಲರ ಬಾಗಿಲು ತಟ್ಟಲಾಗದು. ಅದಕ್ಕೆ ಪೋಷಕರ ಸಭೆಯಲ್ಲಿ ನಾನೇ ಒಂದು ನಿಯಮ ಹೇಳಿದ್ದೆ: "ಓದೋ ಸದ್ದು ಬೀದಿಗೆ ಕೇಳಬೇಕು. ಸದ್ದಿಲ್ಲ ಅಂದ್ರೆ ಓದ್ತಿಲ್ಲ ಅಂತ." ಅಪ್ಪಂದಿರು ತಲೆಯಾಡಿಸಿದ್ದರು. ಅವರಲ್ಲಿ ಹಲವರಿಗೆ ಅಕ್ಷರ ಬಾರದು. ಮಗು ಓದುತ್ತಿದೆಯೆಂದು ತಿಳಿಯಲು ಅವರಿಗಿದ್ದದ್ದು ಕಿವಿಯೊಂದೇ.

ವರಲಕ್ಷ್ಮಿಗೆ ಮಾತು ತೊದಲುತ್ತಿತ್ತು. ನನಗೆ ಗೊತ್ತಿತ್ತು. ತರಗತಿಯಲ್ಲಿ ಪಾಠ ಓದುವ ಸರದಿ ಅವಳಿಗೆ ಬಂದಾಗ ಮುಂದಿನವಳನ್ನು ಎಬ್ಬಿಸುತ್ತಿದ್ದವನು ನಾನೇ. ಆ ನಿಯಮ ಹೇಳುವಾಗ ಅವಳ ನೆನಪು ಬಂದಿತ್ತೋ — ಬಂದಿರಲಿಲ್ಲ ಎಂದರೆ ನನಗೆ ಹಗುರಾಗುತ್ತದೆ. ಆದ್ದರಿಂದ ಹಾಗೆ ಹೇಳಲಾರೆ.

ಕಿಟಕಿಯೊಳಗೆ ನಾನು ಕಂಡದ್ದು ಇದು. ನೆಲಕ್ಕೆ ಕಪ್ಪು ಕಡಪ ಕಲ್ಲು. ಅವಳ ಪಕ್ಕದಲ್ಲಿ ಒಂದು ಚೊಂಬು ನೀರು. ತುಟಿಯೂ ಅಲುಗದಂತೆ ಒಂದು ಪುಟ ಓದಿದಳು. ಪುಸ್ತಕ ಮುಚ್ಚಿದಳು. ಬೆರಳನ್ನು ನೀರಿಗೆ ಅದ್ದಿ ಕಲ್ಲಿನ ಮೇಲೆ ಕಣ್ಣಿನ ಚಿತ್ರ ಬರೆದು, ಭಾಗಗಳ ಹೆಸರು ಗುರುತಿಸಿದಳು. ಪುಸ್ತಕ ತೆರೆದು ಹೋಲಿಸಿ, ತಪ್ಪಿದ ಹೆಸರೊಂದನ್ನು ಮತ್ತೆ ಬರೆದಳು. ಅಷ್ಟರಲ್ಲಿ ಚಿತ್ರ ಒಣಗಿಹೋಗಿತ್ತು. ಗಟ್ಟಿಯಾಗಿ ಒದರುತ್ತಿದ್ದ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಹಾಗೆ ಓದುವುದನ್ನು ನಾನು ಕಂಡಿರಲಿಲ್ಲ.

ಓಣಿಯಿಂದ ಮನೆಯ ಮುಂದಕ್ಕೆ ಬಂದೆ. ಜಗಲಿಯಲ್ಲಿ ಹನುಮಂತರಾಯಪ್ಪ ಇನ್ನಿಬ್ಬರು ಅಪ್ಪಂದಿರ ಜೊತೆ ಟೀ ಕುಡಿಯುತ್ತಿದ್ದರು. ಅವರಲ್ಲೊಬ್ಬ ನನ್ನನ್ನು ಕಂಡು ಹನುಮಂತರಾಯಪ್ಪನವರನ್ನು ಕೆಣಕಿದ: "ಏನ್ಲಾ, ನಿನ್ ಮಗ್ಳು ಮೌನವ್ರತ ಹಿಡ್ದವ್ಳಾ? ನಮ್ ಹುಡ್ಗ ಒದರೋದು ಪಾವಗಡದ ಕೋಟೆಗಂಟ ಕೇಳ್ತದೆ ಕಣ್ಲಾ."

ಹನುಮಂತರಾಯಪ್ಪ ನಗಲಿಲ್ಲ. "ನೀರಲ್ಲಿ ಕೈಯಾಡಿಸ್ಕಂಡು ಕುಂತಿರ್ತಾಳೆ ಸಾ. ದಿಟ ಹೇಳ್ಬುಡಿ, ಓದೋ ಸದ್ದು ಕೇಳಿಸ್ತಾ?"

"ಇಲ್ಲ" ಎಂದೆ.

ಸದ್ದು ಕೇಳಿಸಿರಲಿಲ್ಲ, ಹಾಗಾಗಿ ಅದು ಸುಳ್ಳಲ್ಲ — ಬಹಳ ದಿನ ಹೀಗೆ ನನ್ನನ್ನು ನಂಬಿಸಿಕೊಂಡೆ. ಓದುತ್ತಿದ್ದಾಳೆ, ನಾನು ನೋಡಿದೆ ಎಂದಿದ್ದರೆ ಸಭೆಯಲ್ಲಿ ನಾನಾಡಿದ ಮಾತು ಆ ಇಬ್ಬರ ಎದುರು ಬಿದ್ದುಹೋಗುತ್ತಿತ್ತು. ಅಷ್ಟಕ್ಕೆ. ಬರೀ ಅಷ್ಟಕ್ಕೆ.

ಅಂದಿನಿಂದ ಹನುಮಂತರಾಯಪ್ಪ ಚೊಂಬು ಕಿತ್ತುಕೊಂಡು ಅವಳನ್ನು ಜಗಲಿಯಲ್ಲಿ ಕೂರಿಸಿ ಜೋರಾಗಿ ಓದಿಸಿದರು. ಪ್ರತಿ ಪದದ ಮೊದಲಕ್ಷರದಲ್ಲೇ ಅವಳು ಸಿಕ್ಕಿಕೊಳ್ಳುತ್ತಿದ್ದಳು. ಬೀದಿಯ ಹುಡುಗರು ಅದನ್ನೇ ಎತ್ತಿಕೊಂಡು ಅಣಕಿಸುತ್ತಿದ್ದರು. ಮರುವಾರ ಆ ದಾರಿಯಲ್ಲಿ ಹೋಗುವಾಗ ನನಗೂ ಕೇಳಿಸಿತು — "ದ್ಯು... ದ್ಯು... ದ್ಯು..." ದ್ಯುತಿಸಂಶ್ಲೇಷಣೆ. ಬೈಕ್ ನಿಲ್ಲಿಸಲಿಲ್ಲ. ಇವತ್ತಿಗೂ ಆ ಪದವನ್ನು ಬೋರ್ಡಿನ ಮೇಲೆ ಬರೆಯುವಾಗ ಮೊದಲಕ್ಷರದ ಮೇಲೆ ನನ್ನ ಕೈ ನಿಂತುಬಿಡುತ್ತದೆ.

ಪರೀಕ್ಷೆಯ ದಿನ ಆ ಊರಿನ ಮಕ್ಕಳೆಲ್ಲ ಪಾವಗಡದಲ್ಲಿ ಬಸ್ಸಿಳಿದರು. ಅವಳಿರಲಿಲ್ಲ. ಸಂಜೆ ಮನೆಗೆ ಹೋದೆ.

"ಓದಾಕೆ ಬರ್ದೋಳ್ಗೆ ಪರೀಕ್ಷೆ ಯಾಕೆ ಸಾ? ಊರೆಲ್ಲ ನಕ್ಕಿದ್ದು ಸಾಕು," ಎಂದರು ಹನುಮಂತರಾಯಪ್ಪ. "ನೀವೇ ಹೇಳಿದ್ರಲ್ಲ."

ದನಿಯಲ್ಲಿ ಕೋಪವಿರಲಿಲ್ಲ. ಆಗಲಾದರೂ ಹೇಳಬಹುದಿತ್ತು, ಪೂರಕ ಪರೀಕ್ಷೆಗೆ ಸಮಯವಿತ್ತು. ಕೊಟ್ಟ ಟೀ ಕುಡಿದು ಎದ್ದು ಬಂದೆ.

ಈಗ ಮಧುಗಿರಿಯಲ್ಲಿದ್ದೇನೆ. ಮನೆಯಲ್ಲಿ ಚೆನ್ನಾಗಿ ಓದುವುದು ಹೇಗೆಂದು ಹೇಳಲು ಸಿರಾ, ಕೊರಟಗೆರೆಯ ಶಾಲೆಗಳಿಗೂ ನನ್ನನ್ನು ಕರೆಯುತ್ತಾರೆ. ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದು, ಮತ್ತೆ ತೆರೆದು ತಪ್ಪು ತಿದ್ದಿಕೊಳ್ಳಿ ಎಂದು ಹೇಳಿಕೊಡುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಇದನ್ನು ಯಾರಿಂದ ಕಲಿತೆನೆಂದು ಎಲ್ಲಿಯೂ ಹೇಳಿಲ್ಲ.

ಹೋದ ವರ್ಷ ಪಾವಗಡದ ಬಸ್ ನಿಲ್ದಾಣದಲ್ಲಿ ವರಲಕ್ಷ್ಮಿ ಎದುರಾದಳು. ಜೊತೆಯಲ್ಲಿದ್ದ ಅವಳ ಮಗಳು "ಯಾರಮ್ಮಾ ಇವ್ರು?" ಎಂದು ಕೇಳಿದಳು. ವರಲಕ್ಷ್ಮಿಯ ತುಟಿ ತೆರೆಯಿತು, ಏನೋ ಹೊರಡಲು ಒದ್ದಾಡಿತು — ಬಿಟ್ಟುಬಿಟ್ಟಳು. ನನಗೆ ಕೈಮುಗಿದು ಬಸ್ ಹತ್ತಿದಳು.

ಈ ಭಾನುವಾರ ಅವಳ ತಂದೆಯ ಮನೆಗೆ ಹೋಗುತ್ತೇನೆ. ಆ ಬೆಳಗ್ಗೆ ನಾನು ಕಂಡದ್ದನ್ನು ಅದೇ ಜಗಲಿಯಲ್ಲಿ ನಿಂತು ಹೇಳುತ್ತೇನೆ. ಆಮೇಲೆ ಅವಳಿರುವಲ್ಲಿಗೆ ಹೋಗಿ ಅವಳಿಗೂ. ಕ್ಷಮೆ ಕೇಳುವ ಹಕ್ಕು ನನಗಿಲ್ಲ. ಹನುಮಂತರಾಯಪ್ಪ ನಂಬದೆ ಹೋದರೆ ಅವರ ಮನೆಯಲ್ಲೇ ಸಾಕ್ಷಿಯಿದೆ. ಅಂದು ಒಲೆಯ ಮುಂದೆ ಅವರ ತಾಯಿ ಕೂತಿದ್ದರು. ಕಿಟಕಿಯಲ್ಲಿ ನನ್ನ ಮುಖ ಕಂಡು, ಮೊಮ್ಮಗಳತ್ತ ಕೈ ತೋರಿಸಿ, ತೆಲುಗಿನಲ್ಲಿ "ಸೂಸ್ತಿರಿ ಗದಾ ಸಾರೂ" ಎಂದಿದ್ದರು — ನೋಡಿದಿರಲ್ಲ ಎಂದು. ನಾನು ಹೌದೆಂದು ತಲೆಯಾಡಿಸಿದ್ದೆ. ಹುಡುಗಿ ಓದುತ್ತಿದ್ದುದನ್ನು ಮೇಷ್ಟ್ರೇ ನೋಡಿದರೆಂದು ಮಗನಿಗೆ ಅವರು ಹೇಳಿಯೂ ಇದ್ದರಂತೆ. ಮೇಷ್ಟ್ರ ಮಾತಿನ ಮುಂದೆ ಅದು ನಿಲ್ಲಲಿಲ್ಲ.

ಅವರ ಹೆಸರು ಓಬಳಮ್ಮ. ಇನ್ನೂ ಬದುಕಿದ್ದಾರೆ.