ಪಕ್ಕದ ಬಾಗಿಲು

ನಮ್ಮ ಹಳೆಯ ಲಾರಿ ಕೆ.ಆರ್. ಪುರದ ಸೇತುವೆಯ ಮೇಲೆ ಕೊನೆಯುಸಿರೆಳೆದ ದಿನ, ಶಿವಾಜಿನಗರದ ತರಕಾರಿ ವ್ಯಾಪಾರಿ ಸಾಹೇಬರು ಫೋನು ಮಾಡಿದ್ದರು. "ಅಮ್ಮಾ, ಈ ತಿಂಗ್ಳು ಬಾಡಿಗೆ ಗಾಡೀಲಿ ತಡವಾದ್ರೂ ಸುಧಾರಿಸ್ಕೋತೀನಿ. ಆಮೇಲೂ ಏಳು ಗಂಟೆಯೊಳಗೆ ಕೋಸು ಅಂಗಡೀಲಿ ಇಳೀಲಿಲ್ಲ ಅಂದ್ರೆ ಬೇರೆಯವ್ರ ಹತ್ರ ತಗೋತೀನಿ." ಹದಿನೆಂಟು ವರ್ಷ ನಮ್ಮ ತೋಟದ ಕೋಸನ್ನೆಲ್ಲ ಕೊಂಡವರು ಅವರೊಬ್ಬರೇ.

ಆ ತಿಂಗಳನ್ನು ನಮ್ಮ ಮನೆಯ ಮಹಾಪಂಡಿತರು ಹೇಗೆ ಕಳೆದರು ಕೇಳಿ. ಮೈದುನ ಸಿ.ವಿ. ರಾಮನ್ ನಗರದ ಆಫೀಸಿನಲ್ಲಿ ಕೂತು ಕೂತೇ ಸೊಂಟ ನೋಯಿಸಿಕೊಂಡವನು, ಮೂಟೆ ಮುಟ್ಟಿದವನಲ್ಲ. ಅವನು ಮೂರು ಕಂಪನಿಯ ಲಾರಿಗಳನ್ನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದ. ಇಂಜಿನ್ನಿಗೆ ಹಸಿರು ಬಣ್ಣ, ಮೈಲೇಜಿಗೆ ಹಳದಿ. ನನ್ನ ಗಂಡ ಅದನ್ನು ಜಾತಕದ ಹಾಗೆ ಓದಿ, "ಟಾರ್ಕ್ ಇದ್ರಲ್ಲೇ ಜಾಸ್ತಿ ಕಣೋ" ಎಂದರು. ಟಾರ್ಕ್ ಅಂದರೇನು ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಮೂರೂ ಶೋರೂಮಿಗೆ ನಾನೂ ಹೋದೆ. ಮೊದಲನೆಯ ಕಡೆ ಟೈ ಕಟ್ಟಿದವನೊಬ್ಬ ಸ್ಪೀಕರ್ ಜೋರಾಗಿ ಹಾಕಿ ತೋರಿಸಿದ, ಕೋಸು ಹಾಡು ಕೇಳುತ್ತದೇನೋ ಎನ್ನುವಂತೆ. ಎರಡನೆಯದು ಗಟ್ಟಿ ಗಾಡಿ. ಬಣ್ಣ ಚೆನ್ನಾಗಿಲ್ಲವೆಂದು ಮೈದುನ ಮೂಗು ಮುರಿದ. ಮೂರನೆಯದನ್ನು ಹಳೇ ಮದ್ರಾಸ್ ರಸ್ತೆಯಲ್ಲಿ ಖಾಲಿ ಓಡಿಸಿ, ಬೆಣ್ಣೆಯ ಹಾಗೆ ಹೋಗುತ್ತದೆ ಎಂದರು. ಖಾಲಿ ಗಾಡಿ ಇನ್ನು ಹೇಗೆ ಹೋಗುತ್ತದೆ? ಪೆದ್ದರು! ಎಸಿಯ ತಂಪಿನಲ್ಲಿ ಅವರ ಪಕ್ಕ ಕೂತು, ಶೋರೂಮಿನವರು ಕೊಟ್ಟ ಬಾದಾಮಿ ಹಾಲು ಕುಡಿಯುತ್ತ ಮನಸ್ಸಿನಲ್ಲೇ ನಕ್ಕೆ. ಸೀಟು ಮಾತ್ರ ಮೆತ್ತಗಿತ್ತು. ಇದೇ ಇರಲಿ ಎಂದು ನಾನೂ ಅಂದೆ.

ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ತೋಟದಲ್ಲಿ ಎಂದಿನಂತೆ ಹಿಂದಿನಿಂದ ಮೂಟೆ ತುಂಬಿಸಿ ಹೊರಟೆವು. ಗಂಡನೇ ಓಡಿಸಿದರು. ಆರೂಕಾಲಿಗೆಲ್ಲ ಸಾಹೇಬರ ಅಂಗಡಿಯ ಮುಂದಿದ್ದೆವು.

ಆ ಗಲ್ಲಿಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡೇ ನಿಲ್ಲುತ್ತವೆ. ಹಿಂದಿನ ಬಾಗಿಲು ತೆಗೆಯಲು ಜಾಗವಿರುವುದಿಲ್ಲ. ಇಳಿಸುವುದೆಲ್ಲ ಪಕ್ಕದ ಬಾಗಿಲಿನಿಂದ. ಹಳೆಯ ಲಾರಿಯ ಆ ಬಾಗಿಲಿನ ಚಿಲಕವನ್ನು ಹದಿನೆಂಟು ವರ್ಷ ದಿನಾ ಕಲ್ಲಿನಿಂದ ಗುದ್ದಿ ತೆಗೆದವಳು ನಾನೇ. ಆ ಕಲ್ಲನ್ನು ಹೊಸ ಲಾರಿಯಲ್ಲೂ ಇಟ್ಟುಕೊಂಡಿದ್ದೆ. ಹಿಡಿದುಕೊಂಡು ಇಳಿದೆ. ಲಾರಿಯ ಪಕ್ಕದಲ್ಲಿ ಬಾಗಿಲೇ ಇರಲಿಲ್ಲ. ಎರಡೂ ಕಡೆ ಬರೀ ತಗಡಿನ ಗೋಡೆ.

ಹಿಂದಿನ ಟೊಮೆಟೊ ಗಾಡಿ ಹೊರಡುವವರೆಗೆ ಕಾದು ಇಳಿಸುವಷ್ಟರಲ್ಲಿ ಒಂಬತ್ತಾಯಿತು. ಸಾಹೇಬರ ಗಿರಾಕಿಗಳು, ಹೋಟೆಲಿನವರು, ಎದುರಂಗಡಿಯಲ್ಲಿ ಕೋಸು ಕೊಂಡು ಹೋಗಿದ್ದರು.

ಸಾಹೇಬರು ಬೈಯಲಿಲ್ಲ. ಲಾರಿಯನ್ನು ಒಂದು ಸುತ್ತು ಹಾಕಿ ಬಂದು, "ನಾಳೆಯಿಂದ ಬೇಡಮ್ಮಾ" ಎಂದರು. ಆಮೇಲೆ ಸ್ಟೇರಿಂಗ್ ಹಿಡಿದು ಕೂತಿದ್ದ ನನ್ನ ಗಂಡನನ್ನು ತೋರಿಸಿ, "ಇವ್ರಿಗೆಲ್ಲಿ ಗೊತ್ತಾಗತ್ತೆ ಬಿಡಿ. ಗಾಡಿ ನೋಡಕ್ಕೆ ನೀವು ಹೋಗ್ಲಿಲ್ವಾ?" ಎಂದು ಕೇಳಿದರು.

"ಇಲ್ಲ ಸಾಹೇಬ್ರೇ" ಎಂದೆ.

ಗಂಡ ನನ್ನ ಕಡೆ ಒಮ್ಮೆ ನೋಡಿ ಲಾರಿ ಸ್ಟಾರ್ಟ್ ಮಾಡಿದರು.