ಒಂಬತ್ತನೆಯ ಹೇರ್ ಬ್ಯಾಂಡು

ನನ್ನ ಹೆಬ್ಬೆರಳಿಗೆ ಕೆಂಪು ಹತ್ತಿತ್ತು. ಅದೊಂದು ಮಾತ್ರ ಖಚಿತ. ಉಳಿದದ್ದನ್ನು ನಾನು ಎಷ್ಟು ಸಲ, ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ನೆನಪಿಗೆ ಬರುವುದು ನಡೆದದ್ದೋ ನಾನು ಹೇಳಿದ್ದೋ ಎಂದು ಬಿಡಿಸಿ ನೋಡಲು ಆಗುವುದಿಲ್ಲ. ಆದರೂ ಬರೆಯುತ್ತೇನೆ. ಬರೆಯುವಾಗ ಎಲ್ಲಾದರೂ ಸುಳ್ಳು ಸೇರುತ್ತಿದೆ ಎಂದು ಅನಿಸಿದರೆ ಅಲ್ಲೇ ಹೇಳುತ್ತೇನೆ.

ಅದು ಶುಕ್ರವಾರ ಮಧ್ಯಾಹ್ನ. ಮರುದಿನ ಶನಿವಾರಸಂತೆ ಊರಿನಲ್ಲಿ ಸಂತೆ. ನಾನು ಅಕ್ಕನ ಟೈಲರಿಂಗ್ ಕೋಣೆಯಲ್ಲಿ ಕೂತು ಹೇರ್ ಬ್ಯಾಂಡ್ ಹೊಲಿಯುತ್ತಿದ್ದೆ. ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅವರು ಬ್ಲೌಸು, ಚೂಡಿದಾರ ಹೊಲಿದ ಮೇಲೆ ಉಳಿಯುವ ಚಿಂದಿಯೆಲ್ಲ ನನ್ನದು. ಉದ್ದದ ಪಟ್ಟಿ ಸಿಕ್ಕಿದರೆ ಇಲಾಸ್ಟಿಕ್ ಪೋಣಿಸಿ ಸುಕ್ಕು ಸುಕ್ಕಾದ ಜುಟ್ಟಿನ ಬ್ಯಾಂಡು, ಚಿಕ್ಕ ತುಂಡು ಸಿಕ್ಕಿದರೆ ಬಿಲ್ಲಿನಾಕಾರದ ಕ್ಲಿಪ್ಪು, ಒಂದೇ ಬಟ್ಟೆ ಸ್ವಲ್ಪ ಜಾಸ್ತಿ ಸಿಕ್ಕಿದರೆ ತಲೆಯ ಮೇಲೆ ಕಮಾನಿನಂತೆ ಕೂರುವ ದಪ್ಪ ಹೇರ್ ಬ್ಯಾಂಡು. ಈ ದಪ್ಪ ಬ್ಯಾಂಡಿಗೆ ಒಳಗೆ ಸ್ಪಂಜು ಬೇಕು. ಚಿಂದಿ ತುರುಕಿದರೆ ಉಬ್ಬುತಗ್ಗು ಕಾಣುತ್ತದೆ. ಹತ್ತಿ ಬೆವರಿಗೆ ಗಂಟಾಗುತ್ತದೆ. ಆ ದಿನ ಸ್ಪಂಜು ಮುಗಿದಿತ್ತು. ಒಂಬತ್ತು ಬ್ಯಾಂಡುಗಳ ಖಾಲಿ ಚೀಲಗಳು ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದವು.

ಆಗ ನಾನು ಕೂದಲಿನ ಡಬ್ಬಿಗೆ ಕೈ ಹಾಕಿದೆ.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಮಳೆ ಹಿಡಿದರೆ ಸೂಜಿ ವಾರದೊಳಗೆ ತುಕ್ಕಾಗುತ್ತದೆ. ತುಕ್ಕಿನ ಸೂಜಿ ರೇಷ್ಮೆಗೆ ತಗುಲಿದರೆ ಕಲೆ ಹೋಗುವುದಿಲ್ಲ. ಅದಕ್ಕೆ ಅಕ್ಕ, ಅವರಿಗೆ ಹೊಲಿಗೆ ಕಲಿಸಿದವರಂತೆಯೇ, ಸೂಜಿ ಚುಚ್ಚಿಡುವ ಪುಟ್ಟ ದಿಂಬಿನೊಳಗೆ ಹೆಂಗಸರ ಕೂದಲು ತುಂಬುತ್ತಿದ್ದರು. ತಲೆಗೆ ಹಚ್ಚಿದ ಎಣ್ಣೆ ಕೂದಲಲ್ಲಿ ಉಳಿದಿರುತ್ತದಲ್ಲ, ಅದು ಸೂಜಿಯನ್ನು ಕಾಯುತ್ತದೆ. ಬಾಚಣಿಗೆಗೆ ಬಂದ ಕೂದಲನ್ನು ನಾವಿಬ್ಬರೂ ಬೆರಳಿಗೆ ಸುತ್ತಿ ಉಂಡೆ ಮಾಡಿ, ಮಿಷನ್ನಿನ ಕೆಳಗಿದ್ದ ಬಿಸ್ಕೆಟ್ ಡಬ್ಬಿಗೆ ಹಾಕುತ್ತಿದ್ದೆವು. ಹಾಗಾಗಿ ಕೂದಲು ನನಗೆ ಅಸಹ್ಯದ ವಸ್ತುವಲ್ಲ, ಹೊಲಿಗೆಯ ಸಾಮಾನು. ದಾರದ ಉಂಡೆ, ಗುಂಡಿ, ಬಕ್ರಂ, ಕೂದಲು.

ತುರುಕಿದರೆ ಎಷ್ಟು ಚೆನ್ನಾಗಿ ಕೂತಿತು! ಸ್ಪಂಜಿಗಿಂತ ಗಟ್ಟಿ, ಒಂದೇ ಸಮ. ಒಂಬತ್ತೂ ಮುಗಿಸಿ, ಕೈ ನೋಡಿದರೆ ಹೆಬ್ಬೆರಳು ಕೆಂಪು. ಬಟ್ಟೆ ಬಣ್ಣ ಬಿಟ್ಟಿದೆ ಎಂದುಕೊಂಡು ಸೋಪು ಹಾಕಿ ತೊಳೆದೆ. ಶನಿವಾರ ಬೆಳಿಗ್ಗೆ ಅವನ್ನೆಲ್ಲ ಸಂತೆಯಲ್ಲಿ ಬಳೆ ಮಾರುವ ಆಪಾಗೆ ಕೊಟ್ಟು ಬಂದೆ. ಅವರ ಚಾಪೆಯ ಒಂದು ಮೂಲೆ ನನ್ನ ಬ್ಯಾಂಡುಗಳಿಗೆ ಮೀಸಲು.

ಭಾನುವಾರ ಅಕ್ಕ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದರು. ಆಗ ಅವರಿಗೆ ಮೈಸೂರಿನಲ್ಲಿ ಕ್ಯಾನ್ಸರಿಗೆ ಔಷಧಿ ಏರಿಸುತ್ತಿದ್ದರು, ಮೂರನೆಯ ಸಲ ಆಗಿತ್ತು. ಮೊಣಕಾಲು ಮುಟ್ಟುತ್ತಿದ್ದ ನೇರ ಕೂದಲು ಹಿಡಿಹಿಡಿಯಾಗಿ ಉದುರಿದ್ದರಿಂದ ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಆ ಬಟ್ಟೆಯನ್ನು ಹೊಲಿದುಕೊಟ್ಟವಳೂ ನಾನೇ.

"ಡಬ್ಬಿ ಮುಟ್ಟಿದ್ಯಾ?"

"ಯಾವ್ದು ಅಕ್ಕ?"

"ಯಾವ್ದು ಅಂತೀಯಲ್ಲೇ. ದೇವ್ರ ಗೂಡಲ್ಲಿದ್ದಿದ್ದು. ಖಾಲಿ ಐತೆ."

ಎರಡು ಡಬ್ಬಿಗಳಿದ್ದವು. ಎರಡೂ ಒಂದೇ ಬಿಸ್ಕೆಟ್ಟಿನವು. ಒಂದು ಮಿಷನ್ನಿನ ಕೆಳಗೆ, ಇನ್ನೊಂದು ದೇವರ ಗೂಡಿನಲ್ಲಿ. ಎರಡನೆಯದರಲ್ಲಿ ಅಕ್ಕ ತಮ್ಮ ಉದುರಿದ ಕೂದಲನ್ನೆಲ್ಲ, ದಿಂಬಿನ ಮೇಲಿನದನ್ನು, ಬಚ್ಚಲಿನ ಜಾಲರಿಯದನ್ನು, ಒಂದೊಂದಾಗಿ ಆರಿಸಿ ಇಡುತ್ತಿದ್ದರು. ಯಾಕೆ ಎಂದು ಅವರು ಯಾರಿಗೂ ಹೇಳಿರಲಿಲ್ಲ. ಆ ದಿನ ನನಗೆ ಹೇಳಿದರು.

"ಹರಕೆ ಕಣೆ. ಕತ್ತರಿ ಹಾಕ್ಸಿ ಕೊಡೋ ಮುಡಿ ಬೇರೆ. ಇದು ತಾನಾಗೇ ಬಿದ್ದಿದ್ದು. ಬಿದ್ದಿದ್ದೆಲ್ಲ ಒಂದೆಳೆ ಬಿಡ್ದೆ ಹೊಳೇಗೆ ಬಿಡ್ತೀನಿ, ನನ್ನ ಉಳ್ಸು ಅಂತ ಹೇಳ್ಕಂಡಿದೀನಿ. ಎಲ್ಲಿಟ್ಟಿದೀಯಾ, ಕೊಡು."

ನಾನು ಎಲ್ಲಿ ಇಟ್ಟಿದ್ದೇನೆಂದು ಹೇಳಿದೆ. ಅಕ್ಕ ನಕ್ಕರು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಆಮೇಲೆ ನಗು ಹಾಗೇ ಮುಖದ ಮೇಲೆ ಉಳಿದು, ಕಣ್ಣು ಮಾತ್ರ ಬದಲಾಯಿತು.

"ಡಬ್ಬಿ ಮೇಜಿನ ಮೇಲಿತ್ತು ಅಕ್ಕ. ನಾನು ಸೂಜಿದಿಂಬಿಂದು ಅಂದ್ಕಂಡೆ."

"ಮೇಜಿನ ಮೇಲಾ? ನಾನೇ ಇಟ್ಟಿದ್ನೇನೋ. ಈ ಔಷ್ದೀಲಿ ತಲೆನೂ ಸರಿ ಇಲ್ಲ." ಅವರು ಕುರ್ಚಿಯ ಮೇಲೆ ಕೂತರು. "ಹುಡುಕ್ಕಂಡ್ ಬಾ. ಒಂಬತ್ತೂ."

ಮೇಜಿನ ಮೇಲಿತ್ತು ಎಂದು ಗಂಡನಿಗೆ ಹೇಳಿದೆ, ತಾಯಿಗೆ ಫೋನಿನಲ್ಲಿ ಹೇಳಿದೆ. ಹೇಳಿ ಹೇಳಿ ಆ ಡಬ್ಬಿ ಮೇಜಿನ ಮೇಲೆ, ಕತ್ತರಿಯ ಎಡಕ್ಕೆ, ಸ್ಪಷ್ಟವಾಗಿ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿ ಕಾಣುವುದರಿಂದಲೇ ನನಗೆ ಅದರ ಮೇಲೆ ಅನುಮಾನ.

ಮುಂದಿನ ಶನಿವಾರ ಸಂತೆಗೆ ಹೋದೆ. ಆಪಾ ಒಬ್ಬ ಹೆಂಗಸಿನ ಕೈಗೆ ಬಳೆ ಏರಿಸುತ್ತಾ ನನ್ನ ಮಾತು ಕೇಳಿದರು.

"ಏನ್ ಮಾ, ಮಾರಿದ್ದು ವಾಪಸ್ ಕೇಳೋ ವ್ಯಾಪಾರ ನಾನು ಎಲ್ಲೂ ನೋಡಿಲ್ಲ. ಚಿನ್ನ ಗಿನ್ನ ಇಟ್ಟು ಹೊಲಿದ್ಯಾ?"

"ಇಲ್ಲ ಆಪಾ. ಅಕ್ಕನ ಕೂದಲು."

ಆಪಾ ಬಳೆ ಅಲ್ಲೇ ನಿಲ್ಲಿಸಿದರು. ಬಳೆ ತೊಡುತ್ತಿದ್ದವಳು ಕೈ ಎಳೆದುಕೊಂಡಳು. "ಯಾ ಅಲ್ಲಾ," ಎಂದು ಆಪಾ ಚಾಪೆಯ ಆ ಮೂಲೆಯ ಕಡೆ ನೋಡಿದರು. ನಾಲ್ಕು ಇನ್ನೂ ಅಲ್ಲೇ ಇದ್ದವು. ಉಳಿದ ಐದನ್ನು ಕೊಂಡವರ ಹೆಸರು ಗೊತ್ತಿಲ್ಲದಿದ್ದರೂ ಅವರು ಎಂಥವರೆಂದು ಆಪಾಗೆ ನೆನಪಿತ್ತು. ಸಂತೆಯವರ ನೆನಪು ನನ್ನದಕ್ಕಿಂತ ವಾಸಿ. ಅವರು ನೋಡುವುದು ಮುಖವನ್ನಲ್ಲ, ಕೈಯ ಅಳತೆಯನ್ನು.

ನಾನು ಹುಡುಕಿದೆ. ಹುಡುಕುವುದೆಂದರೆ ಹೆಣ್ಣುಮಕ್ಕಳ ಹಿಂದೆ ನಡೆಯುವುದು. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಾಲೇಜಿನ ಗೇಟಿನಲ್ಲಿ. ಅದುವರೆಗೆ ಊರಿನಲ್ಲಿ ಎಷ್ಟು ತಲೆಗಳಿವೆ ಎಂದು ನಾನು ಗಮನಿಸಿರಲಿಲ್ಲ. ಅದೇ ಬಟ್ಟೆಯಲ್ಲಿ ನಾನು ಹಿಂದೆ ಹೊಲಿದ ಬ್ಯಾಂಡುಗಳೂ ಎಲ್ಲೆಲ್ಲೂ ಇದ್ದವು. ಸ್ಪಂಜಿನದೋ ಕೂದಲಿನದೋ ದೂರದಿಂದ ತಿಳಿಯುವುದಿಲ್ಲ. ಬೆರಳಲ್ಲಿ ಒತ್ತಿದರೆ ಸ್ಪಂಜು ಮೇಲೇಳುತ್ತದೆ, ಕೂದಲು ನಿಧಾನವಾಗಿ, ಯೋಚಿಸಿದಂತೆ ಏಳುತ್ತದೆ. ಇನ್ನೂ ಸಂಶಯವಿದ್ದರೆ ಒಂದು ಸೂಜಿ ಚುಚ್ಚಿ ತೆಗೆಯುತ್ತಿದ್ದೆ. ಕೂದಲಿನದಾದರೆ ಸೂಜಿ ಹೊಳೆಯುತ್ತಾ ಹೊರಬರುತ್ತಿತ್ತು.

ಬದಲಿಗೆ ಎರಡು ಹೊಸ ಬ್ಯಾಂಡು ಕೊಡುತ್ತೇನೆ ಎಂದರೆ ಯಾರೂ ಬೇಡ ಎನ್ನಲಿಲ್ಲ. ಒಬ್ಬಳು ಟೀಚರ್ ಮಾತ್ರ ಕೊಡುವ ಮೊದಲು ಬ್ಯಾಂಡನ್ನು ಕಿವಿಯ ಹತ್ತಿರ ಹಿಡಿದು, "ಇದು ಹಾಕ್ಕೊಂಡಾಗ ಒಳಗೆ ಏನೋ ಸರಸರ ಅಂತಿತ್ತು ರೀ, ನಡೆಯೋ ಥರ," ಎಂದಳು. ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಒಬ್ಬ ತಾಯಿ, ತನ್ನ ಮಗಳು ಬ್ಯಾಂಡನ್ನು ಮಲಗುವಾಗಲೂ ತೆಗೆಯುವುದಿಲ್ಲ, ತೆಗೆದರೆ ತಲೆ ತಣ್ಣಗಾಗುತ್ತದೆ ಎಂದು ಅಳುತ್ತಾಳೆ ಎಂದು ಹೇಳಿದಳು. ಈ ಎರಡನೆಯದು ಆಕೆ ಹೇಳಿದ್ದೋ, ನಾನು ಆಮೇಲೆ ಸೇರಿಸಿದ್ದೋ ಗೊತ್ತಿಲ್ಲ. ತಮಿಳಿನಲ್ಲಿ ಹೇಳಿದಳು, ನನಗೆ ತಮಿಳು ಅರ್ಧ ಬರುತ್ತದೆ. ಆದರೆ ಮಗು ನನ್ನ ಕೈಗೆ ಬ್ಯಾಂಡು ಕೊಡುವಾಗ ಅದು ಬೆಚ್ಚಗಿತ್ತು. ಅದು ತಲೆಯ ಶಾಖ. ಮಗುವಿನ ತಲೆಯದು.

ಎಂಟು ಸಿಕ್ಕವು. ಒಂಬತ್ತನೆಯದನ್ನು ಮದುವೆಗೆ ಬಂದಿದ್ದ ಸಂಪಾಜೆ ಕಡೆಯ ಹುಡುಗಿಯೊಬ್ಬಳು ಕೊಂಡಿದ್ದಳು. ಯಾರ ಮದುವೆ, ಯಾರ ಮಗಳು ಎಂದು ಆಪಾಗೆ ಗೊತ್ತಿರಲಿಲ್ಲ. "ಕೈ ಸಣ್ಣದು, ಮೂಳೆ ಮೆದು," ಎಂದರು. ಅಷ್ಟೇ ಗುರುತು. ಎರಡು ಸಲ ಸಂಪಾಜೆಗೆ ಹೋಗಿ ಬಸ್ ನಿಲ್ದಾಣದಲ್ಲಿ ಇಡೀ ಹಗಲು ನಿಂತೆ. ಹುಡುಗಿಯರು ಇಳಿದರು, ಹತ್ತಿದರು. ಕೆಲವರು ನನ್ನನ್ನು ತಿರುಗಿ ನೋಡಿದರು.

ಅಕ್ಕ ಅಷ್ಟರಲ್ಲಿ ತುಂಬಾ ಇಳಿದುಹೋಗಿದ್ದರು. ಅನ್ನ ಸೇರುತ್ತಿರಲಿಲ್ಲ. ರಕ್ತದ ಅಂಶ ಕಮ್ಮಿಯೆಂದು ನಾಲ್ಕನೆಯ ಔಷಧಿಯನ್ನು ಮುಂದಕ್ಕೆ ಹಾಕಿದ್ದರು. ನಾನು ಹೊರಗಿನಿಂದ ಬಂದೊಡನೆ ಅವರು ಕೇಳುತ್ತಿದ್ದುದು ಒಂದೇ. "ಸಿಕ್ತಾ?"

ಒಂದು ದಿನ ನಾನು, "ಸಿಕ್ತು ಅಕ್ಕ," ಎಂದೆ.

ಅದೇ ಬಟ್ಟೆಯ ಒಂದು ಪಟ್ಟಿ ಚಿಂದಿಯ ಚೀಲದಲ್ಲಿ ಉಳಿದಿತ್ತು. ಕಡುನೀಲಿ, ಮೇಲೆ ಸಣ್ಣ ಹಳದಿ ಚುಕ್ಕಿ. ಅದರಲ್ಲಿ ಹೊಸ ಬ್ಯಾಂಡು ಹೊಲಿದೆ. ಒಳಗೆ ನನ್ನ ಕೂದಲು ತುಂಬಿದೆ. ಬಾಚಣಿಗೆಯದು ಸಾಲದೆ ಕತ್ತಿನ ಹಿಂದಿನಿಂದ ಒಂದು ಹಿಡಿ ಕತ್ತರಿಸಿಕೊಂಡೆ. ಅಕ್ಕ ಹಚ್ಚುತ್ತಿದ್ದ ಎಣ್ಣೆಯನ್ನೇ ಸವರಿದೆ. ಹೊಸತನ ಹೋಗಲೆಂದು ಅಂಗಳದ ಮಣ್ಣಿಗೆ ಸ್ವಲ್ಪ ಉಜ್ಜಿದೆ. ಈ ಕೆಲಸದ ಒಂದೊಂದು ಚೂರೂ ನನಗೆ ನೆನಪಿದೆ, ಮೋಸ ಮಾಡುವಾಗ ಮನಸ್ಸು ಎಷ್ಟು ಶಿಸ್ತಿನಲ್ಲಿರುತ್ತದೆ ಎಂಬುದೂ.

ಆಗಲೇ ಇನ್ನೊಂದು ವಿಷಯ ತಿಳಿದದ್ದು. ಮೇಜಿನ ಮೇಲೆ ಆ ಪಟ್ಟಿಯನ್ನು ಹರಡಿದಾಗ. ಬಟ್ಟೆ ನೀಲಿ. ಆ ಶುಕ್ರವಾರ ಒಂಬತ್ತೂ ಬ್ಯಾಂಡುಗಳು ನೀಲಿ ಬಟ್ಟೆಯವು. ನೀಲಿ ಬಟ್ಟೆ ಕೆಂಪು ಬಣ್ಣ ಬಿಡುವುದಿಲ್ಲ.

ದೇವರ ಗೂಡಿನ ಡಬ್ಬಿಯ ಮುಚ್ಚಳಕ್ಕೆ ಅಕ್ಕ ದಿನವೂ ಕುಂಕುಮ ಇಡುತ್ತಿದ್ದರು.

ಹಾಗಾದರೆ ನಾನು ಕುಂಕುಮದ ಮೇಲೆ ಹೆಬ್ಬೆರಳಿಟ್ಟು ಮುಚ್ಚಳ ತೆಗೆದಿದ್ದೇನೆ. ಅದು ಯಾವ ಡಬ್ಬಿ ಎಂದು ಬೆರಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ? ಸ್ಪಂಜು ಮುಗಿದಿತ್ತು, ಸಂತೆ ನಾಳೆ ಇತ್ತು, ಮಿಷನ್ನಿನ ಕೆಳಗಿನ ಡಬ್ಬಿಯಲ್ಲಿ ನಾಲ್ಕೇ ಉಂಡೆಗಳಿದ್ದವು. ಇಷ್ಟು ಚೆನ್ನಾದ, ಉದ್ದನೆಯ, ನೇರವಾದ ಕೂದಲು ಸುಮ್ಮನೆ ಬಿದ್ದಿದೆಯಲ್ಲ ಎಂದು ಅನಿಸಿತ್ತೇ? ಅನಿಸಿತ್ತು ಎಂದು ಬರೆದು ನೋಡುತ್ತೇನೆ. ಅನಿಸಿತ್ತು. ಈ ವಾಕ್ಯ ಹಿಂದಿನ ಯಾವುದಕ್ಕಿಂತಲೂ ಸರಾಗವಾಗಿ ಬಂತು.

ಅಕ್ಕ ನೆಲದ ಮೇಲೆ ಪೇಪರ್ ಹಾಸಿ ಒಂಬತ್ತೂ ಬ್ಯಾಂಡುಗಳ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದರು. ನನ್ನ ಕೈಗೆ ಕೊಡಲಿಲ್ಲ. ಒಂದೊಂದರ ಹೊಟ್ಟೆಯಿಂದಲೂ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದರು. ಬರುತ್ತಲೇ ಇತ್ತು. ಕೊನೆಯದನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ನಂದು ಇಷ್ಟು ಸುರುಳಿ ಇತ್ತೇನೇ?"

"ತುರುಕಿ ತುರುಕಿ ಹಂಗಾಗೈತೆ ಅಕ್ಕ."

"ಹೌದಾ." ಅದನ್ನೂ ಉಳಿದದ್ದರ ಜೊತೆ ಸೇರಿಸಿ ಡಬ್ಬಿಗೆ ತುಂಬಿದರು. ಮರುದಿನ ಬೆಳಿಗ್ಗೆ ಕುಶಾಲನಗರದ ಹತ್ತಿರ ಹೊಳೆಗೆ ಇಳಿದು ಬಿಟ್ಟರು. ನೀರಿನಲ್ಲಿ ಅದೆಲ್ಲ ಒಮ್ಮೆ ದೊಡ್ಡದಾಗಿ ಹರಡಿತು, ಯಾರೋ ಅಲ್ಲಿ ಮುಳುಗಿ ಏಳಲಿರುವಂತೆ. ನಾವಿಬ್ಬರೂ ಕಾದೆವು. ಯಾರೂ ಏಳಲಿಲ್ಲ. ಕೂದಲು ಕೆಳಕ್ಕೆ ಹರಿದುಹೋಯಿತು.

ಔಷಧಿ ಮುಗಿಯಿತು. ಅಕ್ಕನಿಗೆ ಹಸಿವು ಬಂತು. ತಿಂಗಳುಗಳ ಮೇಲೆ ತಲೆಯ ಮೇಲೆ ಮೊದಲು ಬೂದಿಯಂತೆ, ಆಮೇಲೆ ಹುಲ್ಲಿನಂತೆ ಕೂದಲು ಎದ್ದಿತು. ಸುರುಳಿ ಸುರುಳಿ. ನನ್ನದರ ಹಾಗೆ, ಕಿವಿಯ ಹಿಂದೆ ಒಂದು ಸುಳಿ ಸಮೇತ. ಆಸ್ಪತ್ರೆಯ ನರ್ಸು, ಔಷಧಿ ಆದಮೇಲೆ ಬಹಳ ಜನರಿಗೆ ಸುರುಳಿಯೇ ಬರುತ್ತದೆ, ಆಮೇಲೆ ಸರಿಹೋಗುತ್ತದೆ ಎಂದಳು. ನನಗೆ ಆ ಮಾತು ಸಾಕಾಗಬೇಕಿತ್ತು. ನಮ್ಮ ಮನೆಗೆ ಬಂದವರು ಹಿಂದಿನಿಂದ ನೋಡಿ ನನ್ನನ್ನು ಅಕ್ಕ ಎಂದೂ ಅಕ್ಕನನ್ನು ನನ್ನ ಹೆಸರಿನಿಂದಲೂ ಕರೆಯತೊಡಗಿದರು. ಅಕ್ಕ ಓ ಎನ್ನುತ್ತಿದ್ದರು.

ಹೋದ ವಾರ ನಾನು ಅವರ ತಲೆ ಬಾಚುತ್ತಿದ್ದೆ. ಮತ್ತೆ ಒಂದು ದೊಡ್ಡ ಪರೀಕ್ಷೆಗೆ ಮೈಸೂರಿಗೆ ಹೊರಡುವುದಿತ್ತು. ಈ ಸಲವೂ ಏನೂ ಕಾಣಿಸಿಕೊಳ್ಳದಿದ್ದರೆ ವರ್ಷಕ್ಕೊಮ್ಮೆ ಬಂದರೆ ಸಾಕು ಎಂದು ಡಾಕ್ಟರು ಹೇಳಿದ್ದರು. ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಮಿಷನ್ನಿನ ಕೆಳಗಿನ ಡಬ್ಬಿಗೆ ಹಾಕಿದೆ. ಅದರಲ್ಲಿ ಆಗಲೇ ಇದ್ದ ನನ್ನ ಉಂಡೆಗಳಿಂದ ಅದನ್ನು ಬೇರೆ ಮಾಡಲು ಇನ್ನು ಯಾರಿಂದಲೂ ಆಗದು. ಅಕ್ಕ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು.

"ಒಂಬತ್ತನೇದು ಈಗ ಎಲ್ಲೈತೆ?"

ನನ್ನ ಕೈ ನಿಂತಿತು. ಸುಳ್ಳು ಹೇಳಲು ಸಮಯವಿತ್ತು. ಹೇಳಲಿಲ್ಲ.

"ಸಂಪಾಜೆ ಕಡೆ ಅಕ್ಕ. ಯಾರತ್ರ ಅಂತ ಗೊತ್ತಿಲ್ಲ."

"ಹುಡುಗಿಯಾ?"

"ಹುಡುಗಿ. ಕೈ ಸಣ್ಣದಂತೆ. ಅಕ್ಕ, ಆ ಡಬ್ಬಿ..."

"ಮೇಜಿನ ಮೇಲಿರಲಿಲ್ಲ. ನಂಗೊತ್ತು ಕಣೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಏನಿತ್ತು ಎಂದು ಬರೆಯಲು ಹೋದರೆ ನಾನು ಅದನ್ನು ನನಗೆ ಬೇಕಾದಂತೆ ಮಾಡಿಬಿಡುತ್ತೇನೆ. "ಬಾಚು, ಬಸ್ಸಿಗೆ ಹೊತ್ತಾಯ್ತು."

ಬಾಚಿದೆ. ಬಾಚುತ್ತಿರುವಾಗ ಅವರು ಕೈ ಎತ್ತಿ, ಕಿವಿಯ ಹಿಂದೆ, ಹೇರ್ ಬ್ಯಾಂಡಿನ ತುದಿ ಒತ್ತುವ ಜಾಗದಲ್ಲಿ ಮೆಲ್ಲಗೆ ಕೆರೆದುಕೊಂಡರು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ.

"ಆ ಹುಡ್ಗಿ ಬಿಗಿಯಾಗಿ ಹಾಕ್ಕಂಡವ್ಳೆ," ಎಂದರು.